ಅಮೆರಿಕ ಎಲೆಕ್ಷನ್ ಸೀಸನ್ನಲ್ಲಿ ಟಿವಿ, ಪೇಪರ್, ಕ್ಲಿಪ್ಪು ಎಲ್ಲಾನೂ ಜರಡಿ ಹಿಡಿಯೋದು ಹೆಂಗೆ: ಹಂತ ಹಂತವಾಗಿ

2024ರ ಜೂನಲ್ಲಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹ್ಯೂಸ್ಟನ್ ಭಾವ ಒಂದು ಕ್ಲಿಪ್ ಹಾಕಿದ್ರು. ಇಟಲಿಲಿ ಜಿ7 ಸಭೆ, ಲೀಡರ್‌ಗಳೆಲ್ಲ ಒಂದ್ಕಡೆ ನಿಂತಿದಾರೆ, ಬೈಡನ್ ಒಬ್ರೇ ಎತ್ತಲೋ ತಿರುಗ್ಕೊಂಡು ಹೋಗ್ತಿದಾರೆ, ಮೆಲೋನಿ ಬಂದು ವಾಪಸ್ ಕರ್ಕೊಂಡು ಬರ್ತಾರೆ. ನಾನು ಬಿಡ್ತೀನಾ, ಪೂರ್ತಿ ವಿಡಿಯೋ ಹುಡುಕಿ ನೋಡ್ದೆ, ಆ ಪಕ್ಕದಲ್ಲಿ ಪ್ಯಾರಾಚೂಟಲ್ಲಿ ಇಳಿದಿದ್ದ ಸೈನಿಕರು ಇದ್ರು, ಬೈಡನ್ ಅವರ ಕಡೆ ತಿರುಗಿ ಹೆಬ್ಬೆರಳೆತ್ತಿ ಶಭಾಷ್ ಅಂತಿದ್ರು, ಕ್ಲಿಪ್ ಮಾಡಿದೋರು ಆ ಸೈನಿಕರನ್ನ ಫ್ರೇಮಿಂದ ಆಚೆ ಕತ್ತರಿಸಿದ್ರು ಅಷ್ಟೆ. ನಾನು ದೊಡ್ಡ ಪತ್ತೇದಾರಿ ಥರ ಎರಡು ಪ್ಯಾರಾ ಬರೆದು, ಕೊನೇಲಿ "ಇವರ ವಯಸ್ಸಿನ ಬಗ್ಗೆ ಬರ್ತಿರೋದೆಲ್ಲ ಹಿಂಗೇ ಫೇಕು" ಅಂತ ಒಂದು ಲೈನ್ ಸೇರಿಸ್ದೆ.

ಎರಡೇ ವಾರ. ಜೂನ್ 27ಕ್ಕೆ ಅಟ್ಲಾಂಟಾದ ಸಿಎನ್‌ಎನ್ ಸ್ಟುಡಿಯೋಲಿ ಟ್ರಂಪ್ ಜೊತೆ ಡಿಬೇಟು. 90 ನಿಮಿಷ, ಕಟ್ ಇಲ್ಲ, ಕ್ರಾಪ್ ಇಲ್ಲ, ಬೈಡನ್ ಮಧ್ಯ ಮಧ್ಯ ತಡವರಿಸಿ ಮಾತು ಎಲ್ಲೆಲ್ಲೋ ಹೋಯ್ತು, ಜುಲೈ 21ಕ್ಕೆ ಮನುಷ್ಯ ರೇಸಿಂದಲೇ ಹೊರಗೆ ಬಂದ್ರು. ಡಿಬೇಟ್ ಇನ್ನೂ ಮುಗಿದಿರ್ಲಿಲ್ಲ, ಭಾವನ ಮೆಸೇಜು: "ಏನಮ್ಮಾ, ಇದನ್ನೂ ಯಾರಾದ್ರೂ ಕತ್ತರಿಸಿದಾರಾ?"

ಕ್ಲಿಪ್ ಮೋಸದ್ದೇ, ಅದರಲ್ಲಿ ನಾನು ಕರೆಕ್ಟು. ಆದ್ರೆ ಕ್ಲಿಪ್ ಮೋಸ ಅಂದ್ರೆ ಅದು ಹೇಳ್ತಿರೋ ವಿಷಯನೂ ಸುಳ್ಳು ಅಂತ ನಾನೇ ಒಂದು ಹೆಜ್ಜೆ ಎಗರಿಬಿಟ್ಟಿದ್ದೆ. ಜೂನ್ ಮೊದಲ ವಾರದಲ್ಲೇ ವಾಲ್ ಸ್ಟ್ರೀಟ್ ಜರ್ನಲ್ ಬೈಡನ್ ಒಳಗಿನ ಮೀಟಿಂಗ್‌ಗಳಲ್ಲಿ ಮುಂಚಿನ ಹಾಗಿಲ್ಲ ಅಂತ ದೊಡ್ಡ ರಿಪೋರ್ಟ್ ಹಾಕಿತ್ತು, ಅದನ್ನ ನಾನು ಓದೋಕೂ ಹೋಗಿರ್ಲಿಲ್ಲ, "ಫಾಕ್ಸ್ ನ್ಯೂಸ್ ಮರ್ಡಾಕ್ ಕುಟುಂಬದ ಪೇಪರ್ ತಾನೇ" ಅಂತ ಬಿಟ್ಟಿದ್ದೆ. ಆ ಮುಖಭಂಗ ಆದ್ಮೇಲೆ ನಾನು ನನಗೋಸ್ಕರ ಮಾಡ್ಕೊಂಡ ಪದ್ಧತಿ ಇದು. ಮುಂದಿನ ಪ್ರೆಸಿಡೆಂಟ್ ಎಲೆಕ್ಷನ್ 2028ರ ನವೆಂಬರ್ 7ಕ್ಕೆ, ಅಲ್ಲಿವರೆಗೂ ಗ್ರೂಪುಗಳಲ್ಲಿ ಜಗಳ ಆಗೋದಂತೂ ಗ್ಯಾರಂಟಿ, ಕೈಗೊಂದು ಸೌಟಾದ್ರೂ ಇರ್ಲಿ.

ಹಂತ 1: ನೀವು ಯಾರ ಕಡೆ ಅಂತ ಮೊದ್ಲು ಬರ್ಕೊಳ್ಳಿ

ನಿಜವಾಗ್ಲೂ ಪೇಪರ್ ಮೇಲೆ ಬರೀರಿ. ನನ್ನದು ಹೇಳ್ಬಿಡ್ತೀನಿ, ನಾನು ಡೆಮಾಕ್ರಟ್ ಕಡೆ (ಬೈಡನ್ ಪಾರ್ಟಿ, ಟ್ರಂಪದು ರಿಪಬ್ಲಿಕನ್) ವಾಲ್ತೀನಿ, ವೋಟಂತೂ ಇಲ್ಲ, ಗ್ರೀನ್ ಕಾರ್ಡೇ ಇನ್ನೂ ಕ್ಯೂನಲ್ಲಿದೆ (ವೋಟಿಲ್ದೆ ಇರೋರ ಬಾಯೇ ಜೋರು ಅಂತ ಭಾವ ಆಡ್ಕೋತಾರೆ, ಅವರು ಸಿಟಿಜನ್ನು). ಯಾಕೆ ಬರ್ಕೋಬೇಕು ಅಂದ್ರೆ ನಮ್ಮ ಕಡೆಗೆ ಖುಷಿ ಕೊಡೋ ಸುದ್ದಿನ ನಾವು ಯಾವತ್ತೂ ಚೆಕ್ ಮಾಡಲ್ಲ, ಎದುರು ಕಡೆದನ್ನ ಮಾತ್ರ ಭೂತಗನ್ನಡಿ ಇಟ್ಕೊಂಡು ನೋಡ್ತೀವಿ. ಅದಕ್ಕೆ ರೂಲು ಒಂದೇ: ಓದಿದ ತಕ್ಷಣ "ಹಂಗೇ ಆಗ್ಬೇಕು ಅವನಿಗೆ" ಅನ್ನಿಸ್ತಾ? ಅದನ್ನೇ ಫಸ್ಟ್ ಚೆಕ್ ಮಾಡಿ.

ಹಂತ 2: ಮಾತಾಡ್ತಿರೋರು ವರದಿಗಾರರಾ, ವಕೀಲರಾ ನೋಡಿ

ಅಮೆರಿಕದ ದೊಡ್ಡ ಪೇಪರ್‌ಗಳಲ್ಲಿ ನ್ಯೂಸ್ ವಿಭಾಗ ಬೇರೆ, ಸಂಪಾದಕೀಯದ ವಿಭಾಗ ಬೇರೆ, ಎರಡಕ್ಕೂ ಮಧ್ಯ ಗೋಡೆ ಇದೆ. ಜರ್ನಲ್ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ, ಅದರ ಸಂಪಾದಕೀಯ ಪುಟ ಪಕ್ಕಾ ಕನ್ಸರ್ವೇಟಿವ್, ಆದ್ರೆ ನ್ಯೂಸ್ ಪುಟದ ವರದಿಗಾರರು ಬೇರೆ ಜನ, ಅವರ ಕೆಲಸ ಬೇರೆ. ಆನ್‌ಲೈನಲ್ಲಿ ಓದ್ವಾಗ ಈ ಗೋಡೆ ಕಾಣೋದೇ ಇಲ್ಲ, ಹೆಡ್‌ಲೈನ್ ಮೇಲೆ ಸಣ್ಣಕ್ಷರದಲ್ಲಿ "ಒಪಿನಿಯನ್" ಅಂತ ಇರುತ್ತೆ, ಫಾರ್ವರ್ಡ್ ಆದ ಸ್ಕ್ರೀನ್‌ಶಾಟಲ್ಲಿ ಅದೂ ಕಟ್ ಆಗಿರುತ್ತೆ. ಅದಕ್ಕೆ ಸ್ಕ್ರೀನ್‌ಶಾಟ್ ನಂಬ್ಬೇಡಿ, ಲಿಂಕ್ ಕೇಳಿ.

ಇನ್ನೊಂದು, ಎಲೆಕ್ಷನ್ ಹತ್ರ ಪೇಪರ್‌ಗಳು "ಇವರಿಗೆ ವೋಟ್ ಹಾಕಿ" ಅಂತ ಬಹಿರಂಗವಾಗೇ ಬೆಂಬಲ ಘೋಷಿಸ್ತಾರೆ, ನಮ್ಮೂರಲ್ಲಿ ಪೇಪರ್ ಓದಿ ಬೆಳೆದೋರಿಗೆ ಇದು ವಿಚಿತ್ರ ಅನ್ಸುತ್ತೆ. ಮಾಡಿದ್ರೂ ಗಲಾಟೆ, ಮಾಡ್ದೇ ಇದ್ರೂ ಗಲಾಟೆ. 2024ರ ಅಕ್ಟೋಬರ್ 25ಕ್ಕೆ ವಾಷಿಂಗ್ಟನ್ ಪೋಸ್ಟ್ ಈ ಸಲ ಯಾರಿಗೂ ಬೆಂಬಲ ಕೊಡಲ್ಲ ಅಂತು. ಬೈಡನ್ ಬದಲಿಗೆ ನಿಂತಿದ್ದ ಕಮಲಾ ಹ್ಯಾರಿಸ್ ಪರ ಬರೆಯೋ ತಯಾರಿ ನಡೆದಿತ್ತು, ಓನರ್ ಜೆಫ್ ಬೆಜೋಸ್ ತಡೆದ್ರು ಅಂತ ಅದೇ ಪೇಪರಿನ ವರದಿಗಾರರೇ ಬರೆದ್ರು, 2 ಲಕ್ಷದ 50 ಸಾವಿರಕ್ಕೂ ಜಾಸ್ತಿ ಜನ ಚಂದಾ ಕ್ಯಾನ್ಸಲ್ ಮಾಡಿದ್ರು. ಓನರ್ ವಿರುದ್ಧದ ಸುದ್ದಿ ಓನರ್ ಪೇಪರಲ್ಲೇ ಬಂತು ಅನ್ನೋದೂ, ಬೆಂಬಲದ ಲೇಖನ ನಿಂತೋಯ್ತು ಅನ್ನೋದೂ ಎರಡೂ ನಿಜ, ಒಂದನ್ನೇ ಹಿಡ್ಕೊಂಡು ಕೂಗೋರು ಅರ್ಧ ಕಥೆ ಹೇಳ್ತಿದಾರೆ ಅಂತ ಲೆಕ್ಕ.

ಟಿವಿಲಿ ಇದು ಇನ್ನೂ ಕಲಸುಮೇಲೋಗರ. ಫಾಕ್ಸ್ ನ್ಯೂಸ್ ಮತ್ತೆ ಎಂಎಸ್‌ಎನ್‌ಬಿಸಿ (ಈಗ ಎಂಎಸ್ ನೌ ಅಂತ ಹೆಸರು ಬದಲಾಗಿದೆ) ಎರಡೂ ಶುರುವಾಗಿದ್ದು 1996ರಲ್ಲೇ, ಒಂದು ಬಲಕ್ಕೆ ಹೋಯ್ತು, ಇನ್ನೊಂದು ಎಡಕ್ಕೆ. ಫಾಕ್ಸಿನ ಶಾನ್ ಹ್ಯಾನಿಟಿ 2018ರ ನವೆಂಬರಲ್ಲಿ ಟ್ರಂಪ್ ರ‍್ಯಾಲಿ ಸ್ಟೇಜ್ ಮೇಲೇ ಹತ್ತಿದ್ರು. ಬೈಡನ್ ವಕ್ತಾರೆ ಆಗಿದ್ದ ಜೆನ್ ಸಾಕಿ ವೈಟ್ ಹೌಸ್ ಬಿಟ್ಟು ಎಂಎಸ್‌ಎನ್‌ಬಿಸಿಲಿ ಶೋ ಶುರು ಮಾಡಿದ್ರು, ಟ್ರಂಪ್ ವಕ್ತಾರೆ ಕೇಲಿ ಮೆಕನೆನಿ ಫಾಕ್ಸಿಗೆ ಹೋದ್ರು. 2016ರಲ್ಲಿ ಸಿಎನ್‌ಎನ್ ಪ್ಯಾನೆಲಲ್ಲಿ ಕೂತಿದ್ದ ಕೋರಿ ಲೆವಾಂಡೋವ್‌ಸ್ಕಿಗೆ ಟ್ರಂಪ್ ಕ್ಯಾಂಪೇನಿಂದ ಇನ್ನೂ ದುಡ್ಡು ಬರ್ತಿತ್ತು, ಅದೇ ವರ್ಷ ಸಿಎನ್‌ಎನ್‌ನ ಇನ್ನೊಬ್ಬ ಕಾಮೆಂಟೇಟರ್ ಡೋನಾ ಬ್ರೆಜೀಲ್ ಡೆಮಾಕ್ರಟ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಟೀಮಿಗೆ ಡಿಬೇಟ್ ಪ್ರಶ್ನೆ ಮುಂಚೆನೇ ತಿಳಿಸಿದ್ದು ವಿಕಿಲೀಕ್ಸ್ ಇಮೇಲಲ್ಲಿ ಹೊರಬಂತು. ಆದ್ದರಿಂದ ಪ್ಯಾನೆಲಲ್ಲಿ ಏಳು ಜನ ಕಿರುಚಾಡ್ತಿರುವಾಗ ಹೆಸರಿನ ಕೆಳಗಿರೋ ಪಟ್ಟಿ ಓದಿ, ಆ ಮನುಷ್ಯ ಹೋದ ವರ್ಷ ಯಾರ ಹತ್ರ ಸಂಬಳ ತಗೊಳ್ತಿದ್ದ ಅಂತ ಒಂದು ನಿಮಿಷ ಹುಡುಕಿ. ಅವರು ಹೇಳೋದು ಸುಳ್ಳೇ ಆಗ್ಬೇಕು ಅಂತಿಲ್ಲ, ವಕೀಲರೂ ನಿಜ ಹೇಳ್ತಾರೆ, ತಮ್ಮ ಕಕ್ಷಿದಾರರಿಗೆ ಬೇಕಾದಷ್ಟು ನಿಜ.

"ಮುಂಚೆ ಹಿಂಗಿರ್ಲಿಲ್ಲ, ಕಾನೂನು ಇತ್ತು" ಅಂತ ಒಬ್ರು ಯಾವಾಗ್ಲೂ ಹೇಳ್ತಾರೆ. ಫೇರ್‌ನೆಸ್ ಡಾಕ್ಟ್ರಿನ್ ಅಂತ 1949ರಿಂದ 1987ರವರೆಗೆ ಇದ್ದಿದ್ದು ನಿಜ, ಆದ್ರೆ ಅದು ಗಾಳೀಲಿ ಸಿಗ್ನಲ್ ಬಿಡೋ ರೇಡಿಯೋ, ಟಿವಿ ಸ್ಟೇಷನ್ನಿಗೆ ಮಾಡಿದ್ದ ರೂಲು, ಕೇಬಲ್ ನ್ಯೂಸನ್ನ ಕಟ್ಟಿಹಾಕೋಕೆ ಬಂದಿದ್ದಲ್ಲ.

ಹಂತ 3: ಕ್ಲಿಪ್ಪಿನ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ

ಸಮಯ ಹಾಕೋದಾದ್ರೆ ಇಲ್ಲೇ ಹಾಕಿ. ಪಾರ್ಟಿಗಳ ಮಾಧ್ಯಮ ಜಗಳದಲ್ಲಿ ಶುದ್ಧ ಸುಳ್ಳು ನೀವಂದ್ಕೊಂಡಷ್ಟು ಇರಲ್ಲ, ಕತ್ತರಿ ಪ್ರಯೋಗವೇ ಜಾಸ್ತಿ.

2012ರದ್ದು ತಗೊಳ್ಳಿ, ಪಾಠ ಮಾಡೋಕೆ ಹೇಳಿ ಮಾಡಿಸಿದಂಗಿದೆ. ಜನವರಿಲಿ, ಒಬಾಮಾ ಎದುರು ನಿಲ್ಲೋಕೆ ಹೊರಟಿದ್ದ ರಿಪಬ್ಲಿಕನ್ ಮಿಟ್ ರಾಮ್ನಿ "ಜನರನ್ನ ಕೆಲಸದಿಂದ ತೆಗೆಯೋಕೆ ಆಗೋದು ನಂಗಿಷ್ಟ" ಅಂದ್ರು ಅಂತ ಕ್ಲಿಪ್ ಓಡ್ತು. ಪೂರ್ತಿ ಮಾತು ಏನಂದ್ರೆ ಇನ್ಶೂರೆನ್ಸ್ ಕಂಪನಿ ಸರಿಯಾಗಿ ಸರ್ವಿಸ್ ಕೊಡ್ದೇ ಇದ್ರೆ ಅದನ್ನ ಬಿಟ್ಟು ಬೇರೆದಕ್ಕೆ ಹೋಗೋ ಅವಕಾಶ ನಂಗಿಷ್ಟ ಅಂತ. ಜುಲೈನಲ್ಲಿ ಒಬಾಮಾ ವರ್ಜೀನಿಯಾದ ರೋನೋಕ್‌ನಲ್ಲಿ "ನಿಮ್ಮ ಬಿಸಿನೆಸ್ಸು ನೀವು ಕಟ್ಟಿದ್ದಲ್ಲ" ಅಂದ್ರು ಅಂತ ರಿಪಬ್ಲಿಕನ್ ಕಡೆಯಿಂದ ಕ್ಲಿಪ್. ಅದಕ್ಕೆ ಮುಂಚಿನ ವಾಕ್ಯದಲ್ಲಿ ಅವರು ರಸ್ತೆ, ಸೇತುವೆ ಬಗ್ಗೆ ಮಾತಾಡ್ತಿದ್ರು, ಅದನ್ನ ನೀವೊಬ್ರೇ ಕಟ್ಟಿಲ್ಲ ಅನ್ನೋದು ಹಿಂದೆಮುಂದೆ ಕೇಳ್ದೋರಿಗೆ ಗೊತ್ತಾಗುತ್ತೆ. ಎರಡು ಪಾರ್ಟಿ, ಒಂದೇ ಕತ್ತರಿ. ಆ ಟೈಮಲ್ಲಿ ನಾನು ಇಂಡಿಯಾದಲ್ಲಿದ್ದೆ, ಎರಡನೇದು ಮೋಸ ಅಂತ ಗೊತ್ತಿತ್ತು, ಮೊದಲನೇದು ಮೋಸ ಅಂತ ಗೊತ್ತಾಗೋಕೆ ನಂಗೆ ಹತ್ತು ವರ್ಷ ಬೇಕಾಯ್ತು, ಯಾಕಂತ ಹಂತ 1 ನೋಡಿ.

ಹಂಗಂತ ಕ್ಲಿಪ್ ಎಲ್ಲಾ ಮೋಸ ಅಂತಲ್ಲ. ಅದೇ ವರ್ಷ ಸೆಪ್ಟೆಂಬರಲ್ಲಿ ರಾಮ್ನಿದೇ "47 ಪರ್ಸೆಂಟ್" ವಿಡಿಯೋ (ಸರ್ಕಾರನ ನೆಚ್ಕೊಂಡಿರೋ 47 ಪರ್ಸೆಂಟ್ ಜನ ಏನೇ ಆದ್ರೂ ಒಬಾಮಾಗೇ ವೋಟ್ ಹಾಕ್ತಾರೆ ಅಂದಿದ್ದು) ಮದರ್ ಜೋನ್ಸ್ ಅನ್ನೋ ಪತ್ರಿಕೆ ಹೊರಗೆ ಹಾಕ್ತು, ಹಿಂದೆಮುಂದೆ ಎಷ್ಟು ಕೇಳಿದ್ರೂ ಅರ್ಥ ಅದೇ ಇತ್ತು.

ಮಾಡೋದು ಹೆಂಗೆ: ಕ್ಲಿಪ್ಪಲ್ಲಿರೋ ನಾಲ್ಕೈದು ಪದ ಹಂಗೇ ಟೈಪ್ ಮಾಡಿ, ಜೊತೆಗೆ ಊರು ಅಥವಾ ತಾರೀಖು ಸೇರಿಸಿ ಹುಡುಕಿ. ಸಿ-ಸ್ಪ್ಯಾನ್ ಅಂತ ಒಂದು ಚಾನೆಲ್ ಇದೆ, 1979ರಿಂದ ನಡೀತಿದೆ, ಭಾಷಣ, ರ‍್ಯಾಲಿ ಎಲ್ಲಾ ಮೊದಲಿಂದ ಕೊನೇತನಕ ಕಾಮೆಂಟರಿ ಇಲ್ದೆ ಹಾಕ್ತಾರೆ, ಪರಮ ಬೋರು, ಅದಕ್ಕೇ ಒಳ್ಳೇದು. ಸಿಕ್ಕಿದ ಮೇಲೆ ಆ ಪದ ಬರೋ ಜಾಗದಿಂದ ಎರಡು ನಿಮಿಷ ಹಿಂದೆ ಹೋಗಿ, ಎರಡು ನಿಮಿಷ ಮುಂದೆ ತನಕ ಕೇಳಿ. ಆಮೇಲೆ ಸೌಂಡ್ ಬಗ್ಗೆನೂ ಯೋಚ್ನೆ ಮಾಡಿ, 2004ರ ಜನವರಿ 19ಕ್ಕೆ ಅಯೋವಾದಲ್ಲಿ ಡೆಮಾಕ್ರಟ್ ಟಿಕೆಟ್‌ಗೆ ನಿಂತಿದ್ದ ಹೊವರ್ಡ್ ಡೀನ್ ಕಿರುಚಿದ್ದನ್ನ ಟಿವಿಗಳು ನೂರಾರು ಸಲ ಹಾಕಿ ಮನುಷ್ಯನ್ನ ಕಾಮಿಡಿ ಮಾಡಿಬಿಟ್ರು, ಆದ್ರೆ ಅವರ ಕೈಲಿದ್ದ ಮೈಕು ಸುತ್ತಲಿನ ಜನರ ಗದ್ದಲ ಎಳ್ಕೊಳ್ದೆ ಅವರ ಗಂಟಲನ್ನ ಮಾತ್ರ ಎಳ್ಕೊಂಡಿತ್ತು, ಹಾಲಲ್ಲಿದ್ದೋರಿಗೆ ಆ ಕಿರುಚಾಟ ಜನರ ಕೂಗಲ್ಲಿ ಮುಳುಗಿಹೋಗಿತ್ತು.

ಅಧಿಕೃತ ಲಿಖಿತ ಪ್ರತಿ ಇದೆ ಅಂತ ಕಣ್ಮುಚ್ಚಿ ನಂಬೋದೂ ಬೇಡ. 2024ರ ಅಕ್ಟೋಬರ್ ಕೊನೇಲಿ ಟ್ರಂಪ್ ರ‍್ಯಾಲಿಲಿ ಒಬ್ಬ ಕಾಮಿಡಿಯನ್ ಪೋರ್ಟೊರಿಕೋನ ತೇಲೋ ಕಸದ ದ್ವೀಪ ಅಂದ, ಅದಕ್ಕೆ ಉತ್ತರ ಕೊಡೋಕೆ ಹೋದ ಬೈಡನ್ ಕಸ ಅಂದಿದ್ದು ಟ್ರಂಪ್ ಬೆಂಬಲಿಗರನ್ನಾ, ಆ ಬೆಂಬಲಿಗನ ಮಾತನ್ನಾ ಅಂತ ದೇಶವೆಲ್ಲ ಕಚ್ಚಾಡ್ತು. ಇಂಗ್ಲಿಷಲ್ಲಿ ಅಪಾಸ್ಟ್ರಫಿ (') ಅನ್ನೋ ಒಂದು ಗುರುತು ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ಎರಡರ ಅರ್ಥ ನಿಂತಿತ್ತು, ಕೇಳೋದಕ್ಕೆ ಎರಡೂ ಒಂದೇ. ವೈಟ್ ಹೌಸ್ ತನಗೆ ಅನುಕೂಲ ಆಗೋ ಥರ ಗುರುತು ಹಾಕಿ ಪ್ರತಿ ಬಿಡುಗಡೆ ಮಾಡ್ತು, ಶೀಘ್ರಲಿಪಿ ಬರೆಯೋ ಅಧಿಕಾರಿಗಳೇ ಇದು ಸರಿಯಲ್ಲ ಅಂತ ಆಕ್ಷೇಪ ಎತ್ತಿದ್ರು ಅಂತ ಎಪಿ ಸುದ್ದಿಸಂಸ್ಥೆ ವರದಿ ಮಾಡ್ತು. ಇಂಥ ಕಡೆ ವಿಡಿಯೋನೇ ಕೇಳಿ ನೀವೇ ತೀರ್ಮಾನ ಮಾಡಿ, ಖಚಿತ ಆಗ್ಲಿಲ್ವಾ, ಹಂಗೇ ಬಿಡಿ.

ಎಡಿಟ್ ಮಾಡೋದೇ ಅಪರಾಧ ಅನ್ನೋ ಇನ್ನೊಂದು ಅತಿರೇಕನೂ ಇದೆ. 2024ರಲ್ಲಿ ಸಿಬಿಎಸ್ ಚಾನೆಲಿನ 60 ಮಿನಿಟ್ಸ್ ಶೋಲಿ ಹ್ಯಾರಿಸ್ ಇಂಟರ್ವ್ಯೂ ಬಂದಾಗ ಇಸ್ರೇಲ್ ಬಗ್ಗೆ ಒಂದೇ ಪ್ರಶ್ನೆಗೆ ಉತ್ತರದ ಒಂದು ತುಂಡು ಪ್ರೋಮೋಲಿ, ಇನ್ನೊಂದು ತುಂಡು ಶೋನಲ್ಲಿ ಬಂತು, ಟ್ರಂಪ್ ಕೇಸ್ ಹಾಕಿದ್ರು, 2025ರ ಜುಲೈನಲ್ಲಿ ಮಾಲೀಕ ಕಂಪನಿ ಪ್ಯಾರಾಮೌಂಟ್ 1.6 ಕೋಟಿ ಡಾಲರಿಗೆ ರಾಜಿ ಮಾಡ್ಕೊಳ್ತು. ಉದ್ದ ಉತ್ತರ ಕತ್ತರಿಸೋದು ಟಿವಿಲಿ ದಿನಾ ನಡಿಯೋ ಕೆಲಸ, ಆದ್ರೆ ಪೂರ್ತಿ ಪ್ರತಿನ ಅವತ್ತೇ ಪಕ್ಕದಲ್ಲಿ ಇಟ್ಟಿದ್ರೆ ಈ ಪಾಡು ಬರ್ತಿರ್ಲಿಲ್ಲ ಅಂತ ನನ್ನ ಅಭಿಪ್ರಾಯ, ಅವರು ಇಟ್ಟಿದ್ದು ಎಲೆಕ್ಷನ್ ಮುಗಿದು 2025ರ ಫೆಬ್ರವರಿಲಿ.

ಹಂತ 4: ಹೆಡ್‌ಲೈನ್ ಬಿಟ್ಟು ಮೂಲ ಕಾಗದ ಓದಿ

2020ರ ಅಕ್ಟೋಬರ್ 14ಕ್ಕೆ ನ್ಯೂಯಾರ್ಕ್ ಪೋಸ್ಟ್ ಬೈಡನ್ ಮಗ ಹಂಟರ್ ಲ್ಯಾಪ್‌ಟಾಪಲ್ಲಿ ಸಿಕ್ಕಿದ ಇಮೇಲ್‌ಗಳು ಅಂತ ಸುದ್ದಿ ಹಾಕ್ತು, ಟ್ವಿಟ್ಟರ್ ಆ ಲಿಂಕನ್ನೇ ಬ್ಲಾಕ್ ಮಾಡ್ತು. ಐದು ದಿನ ಬಿಟ್ಟು 51 ಮಾಜಿ ಗುಪ್ತಚರ ಅಧಿಕಾರಿಗಳ ಪತ್ರ ಬಂತು, ಅದು ರಷ್ಯಾ ಕೈವಾಡ ಅಂತ ಹೆಡ್‌ಲೈನ್ ಓಡ್ತು, ನಮ್ಮ ಗುಂಪಿನೋರೆಲ್ಲ ನೆಮ್ಮದಿಯಾಗಿ ಮಲಗಿದ್ವಿ. ಪತ್ರ ತೆಗೆದು ಓದಿದ್ರೆ ಅದರಲ್ಲೇ ಇದೆ: ರಷ್ಯಾ ಕೆಲಸದ ಲಕ್ಷಣ ಕಾಣ್ತಿದೆ, ಆದ್ರೆ ನಮ್ಮ ಹತ್ರ ಸಾಕ್ಷಿ ಇಲ್ಲ ಅಂತ. 2022ರ ಮಾರ್ಚಲ್ಲಿ ನ್ಯೂಯಾರ್ಕ್ ಟೈಮ್ಸು, ವಾಷಿಂಗ್ಟನ್ ಪೋಸ್ಟು ಅದರಲ್ಲಿನ ಎಷ್ಟೋ ಇಮೇಲ್ ಅಸಲಿ ಅಂತ ಬರೆದ್ವು. ಅಸಲಿ ಇಮೇಲ್ ಅಂದ್ರೆ ಅಪ್ಪನ ಮೇಲಿನ ಆರೋಪ ಎಲ್ಲಾ ಸಾಬೀತು ಅಂತಾನೂ ಆಗಲ್ಲ, ಅದು ಬೇರೆ ಪ್ರಶ್ನೆ.

ಉಲ್ಟಾ ಕಡೆದೂ ಇದೆ. 2004ರ ಸೆಪ್ಟೆಂಬರ್ 8ಕ್ಕೆ ಸಿಬಿಎಸ್‌ನಲ್ಲಿ ಡ್ಯಾನ್ ರಾದರ್ ಬುಷ್ ಅವರ ನ್ಯಾಷನಲ್ ಗಾರ್ಡ್ ಸರ್ವಿಸ್ ಬಗ್ಗೆ 1970ರ ದಶಕದ ಮೆಮೋಗಳು ಅಂತ ತೋರಿಸಿದ್ರು, ಕೆಲವೇ ಗಂಟೇಲಿ ಓದುಗರು ಈ ಅಕ್ಷರ ಟೈಪ್‌ರೈಟರಿಂದಲ್ಲ, ಕಂಪ್ಯೂಟರಿಂದ ಹೊಡೆದ ಹಾಗಿದೆ ಅಂತ ಹಿಡಿದ್ರು, ಎರಡು ವಾರದೊಳಗೆ ಸಿಬಿಎಸ್ ಅಸಲಿ ಅಂತ ಸಾಬೀತು ಮಾಡೋಕೆ ಆಗಲ್ಲ ಅಂತ ಒಪ್ಕೊಳ್ತು. ರಾದರ್ ಮುಂದಿನ ಮಾರ್ಚಲ್ಲಿ ಆಂಕರ್ ಕುರ್ಚಿ ಬಿಟ್ರು. ಸುದ್ದಿ ಎಷ್ಟು ದೊಡ್ಡದೋ ಎಲೆಕ್ಷನ್ ಎಷ್ಟು ಹತ್ರಾನೋ ಅಷ್ಟು ನಿಧಾನ ಮಾಡಿ, 48 ಗಂಟೆ ತಡೆದು ಫಾರ್ವರ್ಡ್ ಮಾಡಿದ್ರೆ ಯಾರ ಪ್ರಾಣನೂ ಹೋಗಲ್ಲ.

ಹಂತ 5: ಸುಳ್ಳಾ ನಿಜಾನಾ ಅನ್ನೋದಷ್ಟೇ ಅಲ್ಲ, ಎಷ್ಟು ಜಾಗ ಕೊಟ್ಟಿದಾರೆ ಎಣಿಸಿ

ಒಂದೊಂದು ಸುದ್ದಿನೂ ನಿಜ ಇದ್ದು ಒಟ್ಟು ಚಿತ್ರ ಸೊಟ್ಟಗಿರಬಹುದು. 2016ರ ಅಕ್ಟೋಬರ್ 28ಕ್ಕೆ ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಹಿಲರಿ ಇಮೇಲ್ ವಿಷಯ (ಮಂತ್ರಿ ಆಗಿದ್ದಾಗ ಸರ್ಕಾರಿ ಕೆಲಸಕ್ಕೆ ಖಾಸಗಿ ಸರ್ವರ್ ಬಳಸಿದ್ದು) ಮತ್ತೆ ನೋಡ್ತೀವಿ ಅಂತ ಪತ್ರ ಬರೆದ್ರು. ಆಮೇಲೆ ಕೊಲಂಬಿಯಾ ಜರ್ನಲಿಸಂ ರಿವ್ಯೂನಲ್ಲಿ ಬಂದ ಲೆಕ್ಕದ ಪ್ರಕಾರ ನ್ಯೂಯಾರ್ಕ್ ಟೈಮ್ಸ್ ಆರೇ ದಿನದಲ್ಲಿ ಆ ಇಮೇಲ್ ಬಗ್ಗೆ ಹಾಕಿದ ಮುಖಪುಟ ಸುದ್ದಿ, ಎಲೆಕ್ಷನ್‌ಗೆ ಮುಂಚಿನ 69 ದಿನದಲ್ಲಿ ಎಲ್ಲಾ ಪಾಲಿಸಿ ವಿಷಯ ಸೇರಿಸಿ ಹಾಕಿದಷ್ಟೇ ಇತ್ತು. ಟೈಮ್ಸ್ ಅಂದ್ರೆ ಡೆಮಾಕ್ರಟ್ ಪೇಪರ್ ಅನ್ನೋರಿಗೆ ಇದು ನುಂಗೋಕಾಗಲ್ಲ. ಒಂದು ವಾರ ನೀವೇ ಮಾಡಿ ನೋಡಿ, ದಿನಾ ಬೆಳಿಗ್ಗೆ ಕಾಫಿ ಕುಡೀತಾ ಎರಡು ಎದುರಾಳಿ ಸೈಟಿನ ಮೊದಲ ಐದು ಹೆಡ್‌ಲೈನ್ ಬರ್ಕೊಳ್ಳಿ. ಒಬ್ರು ಹಾಕಿ ಇನ್ನೊಬ್ರು ಹಾಕ್ದೇ ಇದ್ದಿದ್ದು ಯಾವುದು ಅನ್ನೋ ಪಟ್ಟಿ ಇದೆಯಲ್ಲ, ಪಕ್ಷಪಾತ ಕೂತಿರೋದು ಅಲ್ಲಿ.

ಹಂತ 6: ಪೋಲ್ ನೋಡಿದ ತಕ್ಷಣ ಪಟಾಕಿ ಹೊಡೀಬೇಡಿ

ಮೊದ್ಲು ನೆನಪಿರ್ಲಿ, ಗೆಲ್ಲೋದು ದೇಶದ ಒಟ್ಟು ವೋಟಿಂದಲ್ಲ, ರಾಜ್ಯ ರಾಜ್ಯಕ್ಕೆ ಹಂಚಿರೋ 538 ಎಲೆಕ್ಟೊರಲ್ ವೋಟಲ್ಲಿ 270 ಬೇಕು. 2016ರಲ್ಲಿ ಹಿಲರಿ ದೇಶದಾದ್ಯಂತ ಸುಮಾರು 29 ಲಕ್ಷ ವೋಟ್ ಜಾಸ್ತಿ ತಗೊಂಡ್ರು, ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕಿಂತ ಕಮ್ಮಿ ವೋಟಲ್ಲಿ ಸೋತ್ರು, ಕಥೆ ಮುಗೀತು. ಆ ಸಲ ಪೋಲ್‌ಗಳ ಲೆಕ್ಕ ಹಾಕೋ ಫೈವ್‌ಥರ್ಟಿಎಯ್ಟ್ ಸೈಟು ಟ್ರಂಪ್‌ಗೆ ಸುಮಾರು 29 ಪರ್ಸೆಂಟ್ ಚಾನ್ಸ್ ಅಂದಿತ್ತು, ಹಫಿಂಗ್‌ಟನ್ ಪೋಸ್ಟ್ ಹಿಲರಿಗೆ 98 ಅಂದಿತ್ತು. 29 ಅಂದ್ರೆ ಚೌಕಾಬಾರದಲ್ಲಿ ಬೇಕಾದ ಗರ ಬಿದ್ದಂಗೆ, ದಿನಾ ಬೀಳಲ್ಲ, ಆದ್ರೆ ಬೀಳುತ್ತೆ.

2024ರ ನವೆಂಬರ್ 2ಕ್ಕೆ ಅಯೋವಾದ ಆನ್ ಸೆಲ್ಜರ್ ಪೋಲಲ್ಲಿ ಹ್ಯಾರಿಸ್ 47, ಟ್ರಂಪ್ 44 ಅಂತ ಬಂತು. ಸೆಲ್ಜರ್ ಅಂದ್ರೆ ಆ ಫೀಲ್ಡಲ್ಲಿ ದೇವರ ಥರ, ನಾನು ಆವತ್ತು ರಾತ್ರಿ ಕೇಸರಿಬಾತ್ ಮಾಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಕೇಳಿದ್ದು 808 ಜನರನ್ನ, ಎರರ್ 3.4 ಅಂತ ಹಾಕಿದ್ರು, ಆದ್ರೆ ಅದು ಒಬ್ಬೊಬ್ರ ಪರ್ಸೆಂಟೇಜಿಗೆ, ಇಬ್ರ ನಡುವಿನ ಅಂತರಕ್ಕೆ ಅದು ಹತ್ರಹತ್ರ ಡಬಲ್ ಆಗುತ್ತೆ. ಅಂದ್ರೆ ಆ ಪೋಲ್ ಪ್ರಕಾರಾನೇ ಟ್ರಂಪ್ 3 ಪಾಯಿಂಟ್ ಮುಂದಿರೋ ಸಾಧ್ಯತೆನೂ ಇತ್ತು. ಟ್ರಂಪ್ ಗೆದ್ದಿದ್ದು 13 ಪಾಯಿಂಟಲ್ಲಿ, ಯಾವ ಎರರ್ ಲೆಕ್ಕಕ್ಕೂ ಸಿಗ್ದಷ್ಟು ದೂರ. ಅದಕ್ಕೆ ಒಂದು ಪೋಲ್ ಹಿಡ್ಕೋಬೇಡಿ, ಸರಾಸರಿ ನೋಡಿ, ಅದರಲ್ಲೂ ರಾಜ್ಯಗಳ ಸರಾಸರಿ, ಮತ್ತೆ "ನಮ್ಮ ಒಳಗಿನ ಪೋಲ್ ಪ್ರಕಾರ" ಅಂತ ಕ್ಯಾಂಪೇನಿನೋರು ಹೊರಗೆ ಬಿಡೋದನ್ನ ಜಾಹೀರಾತು ಅಂತಾನೇ ಓದಿ. ಜಾಸ್ತಿ ಜನರನ್ನ ಕೇಳಿದ್ರೆ ಸರಿ ಬರುತ್ತೆ ಅಂತಾನೂ ಇಲ್ಲ, 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ತರಿಸ್ಕೊಂಡು ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ತಾರೆ ಅಂತು, ರೂಸ್‌ವೆಲ್ಟ್ 48 ರಾಜ್ಯದಲ್ಲಿ 46 ಬಾಚ್ಕೊಂಡ್ರು.

ಹಂತ 7: ಜಾಹೀರಾತಿನ ಕೊನೇ ಎರಡು ಸೆಕೆಂಡ್

ಅಭ್ಯರ್ಥಿನೇ ಬಂದು "ಈ ಸಂದೇಶಕ್ಕೆ ನನ್ನ ಒಪ್ಪಿಗೆ ಇದೆ" ಅಂದ್ರೆ ಅದು ಕ್ಯಾಂಪೇನಿಂದು, 2002ರ ಕಾನೂನಲ್ಲಿ ಬಂದಿದ್ದು. ಬೇರೆ ಯಾವುದೋ ದೇಶಭಕ್ತಿ ಹೆಸರಿನ ಸಂಸ್ಥೆ ಇದ್ರೆ ಸೂಪರ್ ಪ್ಯಾಕ್ (ಕ್ಯಾಂಪೇನಿಂದ ಹೊರಗಿದ್ದು ಎಷ್ಟು ಬೇಕಾದ್ರೂ ದುಡ್ಡು ಎತ್ತಿ ಪ್ರಚಾರ ಮಾಡೋ ಸಂಸ್ಥೆ) ಇರಬಹುದು, ಅದಕ್ಕೆ ದುಡ್ಡು ಕೊಟ್ಟೋರ ಹೆಸರು ಎಲೆಕ್ಷನ್ ದುಡ್ಡಿನ ಲೆಕ್ಕ ನೋಡೋ ಎಫ್‌ಇಸಿ ಸೈಟಲ್ಲಿ ಸಿಗುತ್ತೆ. ತುಂಬಾ ಜನಕ್ಕೆ ಗೊತ್ತಿಲ್ದೇ ಇರೋದು, ಅಭ್ಯರ್ಥಿಯ ಜಾಹೀರಾತಲ್ಲಿ ಸುಳ್ಳಿದ್ರೂ ಗಾಳೀಲಿ ಪ್ರಸಾರ ಮಾಡೋ ಸ್ಟೇಷನ್ನು ಅದನ್ನ ಕತ್ತರಿಸೋ ಹಾಗಿಲ್ಲ, ಕಾನೂನೇ ಬಿಡಲ್ಲ. ಆದ್ದರಿಂದ "ಟಿವಿಲಿ ಬಂತಲ್ಲ" ಅನ್ನೋದು ಯಾವ ಪುರಾವೆನೂ ಅಲ್ಲ.

ಹಂತ 8: ಎಣಿಕೆ ರಾತ್ರಿ

ಇಲ್ಲಿ ಎಲೆಕ್ಷನ್ ಕಮಿಷನ್ ಥರ ಒಂದೇ ಕಡೆಯಿಂದ ರಿಸಲ್ಟ್ ಹೇಳೋರಿಲ್ಲ, ಒಂದೊಂದು ರಾಜ್ಯಾನೂ ತನ್ನ ಪಾಡಿಗೆ ಎಣಿಸುತ್ತೆ, ಆ ರಾತ್ರಿ "ಗೆದ್ರು" ಅನ್ನೋದು ಎಪಿ ಮತ್ತೆ ಟಿವಿಗಳ ಅಂದಾಜು. ನಮ್ಮಲ್ಲಿ ಕೊನೇ ಹಂತ ಮುಗಿಯೋತನಕ ಎಕ್ಸಿಟ್ ಪೋಲ್ ಹಾಕೋ ಹಾಗಿಲ್ಲ, ಇಲ್ಲಿ ಅಂಥ ಕಾನೂನಿಲ್ಲ. 2000ದಲ್ಲಿ ರಾತ್ರಿ 8ಕ್ಕೆ ಮುಂಚೆನೇ ಟಿವಿಗಳು ಫ್ಲಾರಿಡಾ ಡೆಮಾಕ್ರಟ್ ಅಲ್ ಗೋರ್‌ಗೆ ಅಂದ್ರು, ಆ ರಾಜ್ಯದ ಪಶ್ಚಿಮ ಮೂಲೇಲಿ ಗಡಿಯಾರ ಒಂದು ಗಂಟೆ ಹಿಂದೆ, ಅಲ್ಲಿ ಇನ್ನೂ ವೋಟ್ ಹಾಕ್ತಿದ್ರು. 10ರ ಹೊತ್ತಿಗೆ ವಾಪಸ್ ತಗೊಂಡ್ರು, 2 ಗಂಟೆ ಮೇಲೆ ಬುಷ್ ಅಂದ್ರು, ಬೆಳಗಿನ ಜಾವ ಅದನ್ನೂ ವಾಪಸ್. ಕೊನೆಗೆ ನಿಂತಿದ್ದು 537 ವೋಟಿನ ಅಂತರಕ್ಕೆ.

2020ರಲ್ಲಿ ರಾತ್ರಿ 11:20ಕ್ಕೆ ಅರಿಜೋನಾ ಬೈಡನ್‌ಗೆ ಅಂತ ಎಲ್ಲರಿಗಿಂತ ಮೊದ್ಲು ಅಂದಿದ್ದು ಫಾಕ್ಸು, ಅವರದೇ ವೀಕ್ಷಕರು ಸಿಟ್ಟಾಗಿ ಬೇರೆ ಚಾನೆಲ್ ಹುಡುಕ್ಕೊಂಡು ಹೋದ್ರು. ಆಮೇಲೆ ಡೊಮಿನಿಯನ್ ವೋಟಿಂಗ್ ಮಷಿನ್ ಮೋಸ ಅನ್ನೋ ಮಾತಿಗೆ ಅದೇ ಚಾನೆಲ್ ಜಾಗ ಕೊಡ್ತು, ಒಳಗಿನ ಮೆಸೇಜ್‌ಗಳು ಕೋರ್ಟಲ್ಲಿ ಹೊರಬಂದಾಗ ಅವರ ಸ್ಟಾರ್ ಆಂಕರ್‌ಗಳೇ ಅದನ್ನ ನಂಬಿರ್ಲಿಲ್ಲ ಅಂತ ಗೊತ್ತಾಯ್ತು, 2023ರ ಏಪ್ರಿಲ್ 18ಕ್ಕೆ ಡೊಮಿನಿಯನ್ ಕಂಪನಿಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿ ಆದ್ರು. ನೋಡೋರಿಗೆ ಬೇಕಾಗಿದ್ದು ಕೊಡ್ದೇ ಇದ್ರೆ ಅಂಗಡಿ ಖಾಲಿ ಆಗುತ್ತೆ ಅನ್ನೋ ಭಯ, ಅಷ್ಟೇ ಕಾರಣ. ಅಂಚೆ ವೋಟು ಪೆನ್ಸಿಲ್ವೇನಿಯಾದಲ್ಲಿ ಎಲೆಕ್ಷನ್ ದಿನ ಬೆಳಿಗ್ಗೆ 7ಕ್ಕೆ ಮುಂಚೆ ಮುಟ್ಟೋ ಹಾಗಿರ್ಲಿಲ್ಲ, ಅದಕ್ಕೇ ರಾತ್ರಿ ಒಬ್ರು ಮುಂದಿದ್ದು ಆಮೇಲೆ ಇನ್ನೊಬ್ರು ಮುಂದಾದ್ರು. ಮ್ಯಾಪ್ ನೋಡ್ವಾಗ ಬಣ್ಣ ನೋಡ್ಬೇಡಿ, ಎಷ್ಟು ಎಣಿಕೆ ಆಗಿದೆ, ಬಾಕಿ ಇರೋದು ಯಾವ ಕೌಂಟಿದು ಅಂತ ನೋಡಿ.

ಹಂತ 9: ನೀವೇ ಬರೆಯೋರಾದ್ರೆ

ಒಲವು ಮೊದಲ ಪ್ಯಾರಾದಲ್ಲೇ ಹೇಳಿ. ಎದುರು ಕಡೆಯ ಮಾತನ್ನ ಅವರೇ ಓದಿದ್ರೆ "ಹೌದು, ನಾವು ಹೇಳೋದು ಇದೇ" ಅನ್ನೋ ಥರ ಬರೆದು ಆಮೇಲೆ ಬಡೀರಿ. ತಪ್ಪಾದ್ರೆ ಹಳೇ ಪೋಸ್ಟ್ ಡಿಲೀಟ್ ಮಾಡ್ಬೇಡಿ, ಅದರ ಕೆಳಗೇ ತಪ್ಪಾಯ್ತು ಅಂತ ಬರೀರಿ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಏನಾಗುತ್ತೆ ಅಂತ ನೀವಂದ್ಕೊಂಡಿದ್ದು, ತಾರೀಖು, ಎಷ್ಟು ಖಾತ್ರಿ ಅಂತ ಪರ್ಸೆಂಟು. 2024ರಲ್ಲಿ ನಾನು ಬರ್ಕೊಂಡಿದ್ದು ಒಂಬತ್ತು, ಸರಿ ಬಂದಿದ್ದು ಮೂರು, ಅದರಲ್ಲಿ ಎರಡು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಡೆಮಾಕ್ರಟ್ ಗೆಲ್ತಾರೆ ಅನ್ನೋದು, ಅದನ್ನ ನಮ್ಮಜ್ಜಿನೂ ಹೇಳ್ತಿದ್ರು. ಭಾವನ್ನೂ ಬರೀರಿ ಅಂದೆ. "ನಂಗ್ಯಾಕಮ್ಮ ನೋಟ್‌ಬುಕ್ಕು, ನಂದೆಲ್ಲ ನೆನಪಿದೆ, ಒಂದೂ ತಪ್ಪಾಗಿಲ್ಲ" ಅಂದ್ರು. ಅಕ್ಕ ಪಕ್ಕದಲ್ಲೇ ಕೂತಿದ್ಲು, 2020 ಅಂತ ಶುರು ಮಾಡೋಷ್ಟರಲ್ಲಿ ಭಾವ ಎದ್ದು ಕಾಫಿ ಹಾಕೋಕೆ ಹೋದ್ರು.